ಕಂತಿನ ತಿಂಗಳು

“ಕಟ್ಟಿದ್ದು ಸುಳ್ಳಾತೇನವಾ?”

ಚಿಗವ್ವ ಕೇಳಿದ್ದು ಇಷ್ಟೇ. ಸಿಟ್ಟು ಮಾಡಿಕೊಳ್ಳಲಿಲ್ಲ, ಅಳಲೂ ಇಲ್ಲ. ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟಾಗ ಕೇಳ್ತಾರಲ್ಲ, ಹಾಗೆ ಕೇಳಿದಳು. ಭಾನುವಾರ ಊರಲ್ಲಿ ಕೇಳಿದ ಮಾತು. ಬೆಂಗಳೂರಿಗೆ ಬಂದು ಕ್ಲಾಸಿನಲ್ಲಿ ಕೂತರೂ ಅದೇ, ಪಿಜಿಯಲ್ಲಿ ಊಟಕ್ಕೆ ಕೂತರೂ ಅದೇ.

ನಾನು ಆಕ್ಚುರಿಯಲ್ ಸೈನ್ಸ್‌ನಲ್ಲಿ ಎಂಎಸ್ಸಿ ಮಾಡುತ್ತಿದ್ದೇನೆ. ಮನೆಯಲ್ಲಿ ಅದಕ್ಕೆ ‘ಇನ್ಶೂರೆನ್ಸ್ ಓದೋದು’ ಅನ್ನುತ್ತಾರೆ. ತಪ್ಪೇನಲ್ಲ. ದೀಪಾವಳಿ ಮುಗಿದ ಮೇಲೆ ಕಾಕಾ ತೀರಿಕೊಂಡ. ಟ್ರಂಕಿನಲ್ಲಿ ಸಿಕ್ಕ ಕಾಗದಗಳನ್ನೆಲ್ಲ ಚಿಗವ್ವ ಒಂದು ಕ್ಯಾರಿಬ್ಯಾಗಿಗೆ ಹಾಕಿ ಎತ್ತಿಟ್ಟಿದ್ದಳು. “ಅಕಿ ಬರ್ಲಿ, ಅಕಿಗೆ ಗೊತ್ತಾಕ್ಕತಿ” ಅಂತ ಎಲ್ಲರಿಗೂ ಹೇಳಿದ್ದಳಂತೆ.

ಬಾಂಡು ಚೆನ್ನಾಗೇ ಇತ್ತು. ಪ್ಲಾಸ್ಟಿಕ್ ಕವರು, ಒಳಗೆ ಒಂದು ಮಡಿಕೆಯೂ ಬೀಳದ ಕಾಗದ. 2017ರ ಮಾರ್ಚ್‌ನಲ್ಲಿ ಶುರುವಾದ ಎಂಡೋಮೆಂಟ್ ಪಾಲಿಸಿ, ನಡುವೆ ಸತ್ತರೂ ಅವಧಿ ಮುಗಿದರೂ ದುಡ್ಡು ಬರುವಂಥದ್ದು. 20 ವರ್ಷದ ಅವಧಿ, 2 ಲಕ್ಷದ ಮೊತ್ತ. ವರ್ಷಕ್ಕೊಂದು ಕಂತು, ಹತ್ತು ಸಾವಿರದ ಚಿಲ್ಲರೆ. ಎರಡು ರಸೀದಿ ಪಿನ್ ಹೊಡೆದಿದ್ದವು, 2017ರದ್ದು ಮತ್ತು 2018ರದ್ದು. ಮೂರನೆಯದು ಇರಲಿಲ್ಲ. ಕ್ಯಾರಿಬ್ಯಾಗನ್ನು ಚಾಪೆ ಮೇಲೆ ಸುರಿದು ಹುಡುಕಿದೆ. ಗೊಬ್ಬರದ ಬಿಲ್ಲು ಸಿಕ್ಕಿತು, ಬೋರ್‌ವೆಲ್ ಮೋಟರಿನ ವಾರಂಟಿ ಕಾರ್ಡು ಸಿಕ್ಕಿತು, ತಮ್ಮನ ಹತ್ತನೇ ಕ್ಲಾಸಿನ ಹಾಲ್‌ಟಿಕೆಟ್ಟೂ ಸಿಕ್ಕಿತು. ಮೂರನೇ ರಸೀದಿ ಮಾತ್ರ ಸಿಗಲಿಲ್ಲ.

ಹತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಕಂತು ಕಟ್ಟುವ ಪಾಲಿಸಿಗೆ ಆಗ ಇದ್ದ ನಿಯಮ ಹೀಗಿತ್ತು. ಮೂರು ವರ್ಷ ಪೂರ್ತಿ ಕಟ್ಟಿದ್ದರೆ ಮಾತ್ರ ಸರೆಂಡರ್ ವ್ಯಾಲ್ಯೂ, ಅಂದರೆ ನಡುವೆ ಬಿಟ್ಟವರಿಗೆ ವಾಪಸ್ ಬರುವ ಹಣ. ಎರಡು ಕಂತು ಕಟ್ಟಿ ನಿಲ್ಲಿಸಿದವರಿಗೆ ಏನೂ ಇಲ್ಲ. ಕಂತಿನ ದಿನ ದಾಟಿದ ಮೇಲೆ 30 ದಿನ ಗ್ರೇಸ್, ಆಮೇಲೆ ಲ್ಯಾಪ್ಸ್, ಪಾಲಿಸಿ ನಿಂತ ಹಾಗೆ. ಮತ್ತೆ ಚಾಲೂ ಮಾಡಿಸುವ ಗಡುವೂ ಎಂದೋ ಮುಗಿದಿತ್ತು. ಇದನ್ನು ಚಿಗವ್ವನಿಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದೆ. ಎಲ್ಲ ಕೇಳಿಸಿಕೊಂಡು ಆ ಮಾತು ಕೇಳಿದಳು. ಕಟ್ಟಿದ್ದು ಸುಳ್ಳಾತೇನವಾ?

ಸುಳ್ಳಲ್ಲ ಚಿಗವ್ವ ಅಂದೆ. ಆ ಎರಡು ವರ್ಷ ಕಾಕಾನಿಗೆ ಏನಾದರೂ ಆಗಿದ್ದರೆ ಎರಡು ಲಕ್ಷ ಬರುತ್ತಿತ್ತು, ಆ ಭದ್ರತೆಗೆ ಕಟ್ಟಿದ್ದು ಅದು ಅಂದೆ. ನಮಗೆ ಕಲಿಸುವ ಉತ್ತರವೇ ಅದು, ಸರಿಯಾದ ಉತ್ತರ.

“ಹಂಗಾರ ಆವಾಗ್ಲೇ ಹೋಗಬೇಕಿತ್ತೇನು?” ಅಂದಳು. ಅಷ್ಟಂದು, ಒಲೆ ಮೇಲಿದ್ದ ಹಾಲು ನೋಡಲು ಎದ್ದು ಹೋದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. 2012-14ರ ಅನುಭವದ ಮೇಲೆ ಮಾಡಿದ ಭಾರತೀಯ ವಿಮಾದಾರರ ಮರಣ ಕೋಷ್ಟಕ ಇದೆ. ಅದರಲ್ಲಿ 40 ವರ್ಷದ ಗಂಡಸರಲ್ಲಿ ವರ್ಷಕ್ಕೆ ಸಾವಿರಕ್ಕೆ ಇಬ್ಬರಿಗಿಂತ ಕಡಿಮೆ ಸಾವು. ಅಂದರೆ 2 ಲಕ್ಷದ ಭದ್ರತೆಗೆ ಒಂದು ವರ್ಷಕ್ಕೆ ತಗಲುವ ನಿಜವಾದ ಖರ್ಚು 400 ರೂಪಾಯಿಯೊಳಗೆ. ಎರಡು ವರ್ಷಕ್ಕೆ 800 ಅನ್ನೋಣ. ಕಾಕಾ ಕಟ್ಟಿದ್ದು ಇಪ್ಪತ್ತು ಸಾವಿರದ ಮೇಲೆ. ಉಳಿದದ್ದು ಎಲ್ಲಿಗೆ ಹೋಯಿತು? ಚಿಗವ್ವನಿಗೆ ಈ ಲೆಕ್ಕ ಗೊತ್ತಿಲ್ಲ. ಆದರೂ ಅವಳು ಕೇಳಿದ್ದು ಇದನ್ನೇ. ನಮ್ಮ ಪರೀಕ್ಷೆಯಲ್ಲಿ ಇಷ್ಟು ನೇರವಾದ ಪ್ರಶ್ನೆ ಬಂದದ್ದು ನಾನು ನೋಡಿಲ್ಲ.

ಹೋದ ದಾರಿ ಗೊತ್ತು. ಅಂಥ ಪಾಲಿಸಿಗೆ ಆಗ ಮೊದಲ ವರ್ಷದ ಕಂತಿನಲ್ಲಿ 35%ವರೆಗೆ ಕಮಿಷನ್ ಕೊಡಬಹುದಿತ್ತು. ಮತ್ತೊಂದಿಷ್ಟು ಕಂಪನಿಯ ಶುರುವಿನ ಖರ್ಚು. ಬೋನಸ್ ಬರುವ ಪಾಲಿಸಿಯಾದರೆ ಮಿಕ್ಕಿದ್ದು ಅದೇ ಫಂಡಿನಲ್ಲಿ ಉಳಿಯುತ್ತದೆ. ಆ ಫಂಡಿನ ಲಾಭದಲ್ಲಿ ಹತ್ತರಲ್ಲಿ ಒಂಬತ್ತು ಪಾಲಾದರೂ ಪಾಲಿಸಿದಾರರಿಗೆ ಹೋಗಬೇಕು. ಅಂದರೆ ಕೊನೆತನಕ ಕಟ್ಟಿದವರಿಗೆ. ಬಿಟ್ಟು ಹೋದವರ ದುಡ್ಡು ಉಳಿದವರ ಬೋನಸ್ಸಿನಲ್ಲಿ ಸೇರುತ್ತದೆ. ಕೊನೆತನಕ ಕಟ್ಟುವವರು ಯಾರು? ತಿಂಗಳ ಕೊನೆಗೆ ಸಂಬಳ ಬರುವವರು. ಇದು ನನಗೆ ಸಣ್ಣ ಮಾತು ಅನ್ನಿಸುವುದಿಲ್ಲ.

ನಮ್ಮ ಟೇಬಲ್ಸ್ ಪುಸ್ತಕದಲ್ಲಿ ಎಎಂ92 ಅಂತ ಒಂದು ಕೋಷ್ಟಕ ಇದೆ, ಬ್ರಿಟನ್ನಿನ ವಿಮಾದಾರರದ್ದು. ಹದಿನೇಳರ ವಯಸ್ಸಿಗೆ 10,000 ಜನ ಅಂತ ಹಿಡಿದರೆ ಅರವತ್ತಕ್ಕೆ ಉಳಿಯುವವರು 9,287.2164. ದಶಾಂಶದ ಆಚೆಗೂ ನಾಲ್ಕು ಅಂಕಿ! ಸಾವಿನ ಲೆಕ್ಕಕ್ಕೆ ಅಷ್ಟು ಶ್ರದ್ಧೆ. 1693ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಬ್ರೆಸ್ಲಾವ್ ಊರಿನ ಜನನ ಮರಣದ ದಾಖಲೆ ಹಿಡಿದು ಇಂಥ ಕೋಷ್ಟಕ ಮಾಡಿದ. ಅಲ್ಲಿಂದ ಇವತ್ತಿನವರೆಗೆ ತಲೆಮಾರುಗಟ್ಟಲೆ ಜನ ಆ ಕಾಲಂ ತಿದ್ದಿದ್ದಾರೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಆ ಶ್ರದ್ಧೆ ನೋಡಿ.

ಅದರ ಪಕ್ಕದಲ್ಲೇ ಇನ್ನೊಂದು ಕಾಲಂ ಬರುತ್ತದೆ, ಪಾಲಿಸಿ ಬಿಟ್ಟವರದ್ದು. ಬುಧವಾರದ ಕ್ಲಾಸಿನಲ್ಲಿ ಮಾಡಿದ ಲೆಕ್ಕದಲ್ಲಿ ಮೊದಲ ವರ್ಷ 10%, ಎರಡನೇ ವರ್ಷ 5%. ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ, ಯಾಕೆ ಅಂತ ಯಾರೂ ಕೇಳುವುದಿಲ್ಲ. ಅದನ್ನು ಹಾಗೇ ಇಳಿಸಿಕೊಂಡು, ಎರಡನೇ ವರ್ಷದ ಕೊನೆಗೆ ಬಿಟ್ಟವರಿಗೆ ಸೊನ್ನೆ ಬರೆದು, ಮೀಸಲು ಹಣ ಬಿಡುಗಡೆಯಾಗಿ ಲಾಭದ ಸಾಲಿಗೆ ಹೋಗುವುದನ್ನು ತೋರಿಸಿದೆವು. ಉತ್ತರ ಸರಿಬಂತು. ಆ ಸೊನ್ನೆ ಬರೆಯುವಾಗ ನನ್ನ ಕೈ ಒಂದು ಗಳಿಗೆ ನಿಂತಿತು. ಆ 5%ರಲ್ಲಿ ಕಾಕಾ ಇದ್ದಾನೆ.

ಕ್ಲಾಸಿನಲ್ಲಿ ಒಬ್ಬ ಗೆಳೆಯನಿಗೆ ಇದನ್ನು ಹೇಳಿದೆ. “ಹಳ್ಳಿ ಕಡೆ ಷರತ್ತು ಓದಲ್ಲ ಕಣೇ, ಅದೇ ಪ್ರಾಬ್ಲಂ” ಅಂದ. ಒಳ್ಳೆಯ ಹುಡುಗ, ಲೆಕ್ಕದಲ್ಲಿ ನನಗಿಂತ ಚುರುಕು. ಈ ಮಾತು ಮಾತ್ರ ನಾನು ಒಪ್ಪಲ್ಲ. ನಮ್ಮ ಕಾಕಾ ರಾಣೆಬೆನ್ನೂರು ಎಪಿಎಂಸಿಯಲ್ಲಿ ಯಾವ ದಲಾಲಿ ಅಂಗಡಿಯವರು ತೂಕದಲ್ಲಿ ಎಷ್ಟು ಹಿಡಿಯುತ್ತಾರೆ, ಯಾರು ದುಡ್ಡು ಕೊಡಲು ಎಷ್ಟು ದಿನ ಎಳೆಯುತ್ತಾರೆ ಅಂತ ಬಾಯಲ್ಲೇ ಹೇಳುತ್ತಿದ್ದ. ತನ್ನ ದುಡ್ಡಿನ ಬಗ್ಗೆ ತಿಳಿಯದವನಲ್ಲ. ಮಾರ್ಚ್‌ನಲ್ಲಿ ಕೈಯಲ್ಲಿ ಹತ್ತು ಸಾವಿರ ಇರಲಿಲ್ಲ, ಅಷ್ಟೇ.

ನಮ್ಮ ಕಡೆ ಗೋವಿನಜೋಳ ಜೂನ್‌ನಲ್ಲಿ ಬಿತ್ತುತ್ತಾರೆ. ಅಕ್ಟೋಬರ್, ನವೆಂಬರ್‌ಗೆ ಪೀಕು ಕೈಗೆ ಬರುತ್ತದೆ. ದುಡ್ಡು ಕಣ್ಣಿಗೆ ಕಾಣುವುದು ಆಗಲೇ. ಸಾಲ ತೀರಿಸಿ, ಒಂದು ಮದುವೆಯೋ ಮನೆ ರಿಪೇರಿಯೋ ಮುಗಿಸುವ ಹೊತ್ತಿಗೆ ಯುಗಾದಿ. ಪಾಲಿಸಿ ಮಾರುವ ಸುಗ್ಗಿಯೋ ಜನವರಿಯಿಂದ ಮಾರ್ಚ್. ತೆರಿಗೆ ಉಳಿಸುವವರ ಕಾಲ ಅದು, ಏಜೆಂಟರ ಟಾರ್ಗೆಟ್ ಮುಗಿಯುವ ಕಾಲ. ಪಾಲಿಸಿ ಶುರುವಾದ ತಾರೀಕಿಗೇ ಪ್ರತಿ ವರ್ಷ ಕಂತು ಬರುತ್ತದೆ. ಹೀಗೆ ಪೇಟೆಯವರ ಕ್ಯಾಲೆಂಡರಿನ ತಾರೀಕು ರೈತನ ಕುತ್ತಿಗೆಗೆ ಬಿತ್ತು. ಮೊದಲ ವರ್ಷ ಹೇಗೋ ಹೊಂದಿಸಿದ, ಎರಡನೇ ವರ್ಷ ಸಾಲ ಮಾಡಿ ಕಟ್ಟಿದ ಅಂತ ಚಿಗವ್ವ ಹೇಳಿದಳು. ಮೂರನೇ ವರ್ಷಕ್ಕೆ ಬೋರ್ ಕೈಕೊಟ್ಟಿತ್ತು. ಆ ಮೋಟರಿನ ವಾರಂಟಿ ಕಾರ್ಡಿನ ಮೇಲೆ 2019ರ ಫೆಬ್ರವರಿ ಅಂತ ಇದೆ.

ಪಾಸ್‌ಬುಕ್ಕಿನಲ್ಲೂ ಇದೇ ಕತೆ. ಪ್ರಧಾನ ಮಂತ್ರಿ ಜೀವನ್ ಜ್ಯೋತಿ ವಿಮೆಯ 436 ರೂಪಾಯಿ 2023ರ ಮೇ ಕೊನೆಯಲ್ಲಿ ಖಾತೆಯಿಂದ ಹೋಗಿದೆ. ಅದಕ್ಕೂ 2 ಲಕ್ಷದ ಭದ್ರತೆ. 2024ರ ಮೇ ತಿಂಗಳಲ್ಲಿ ಆ ಸಾಲು ಇಲ್ಲ. ಆಗ ಖಾತೆಯಲ್ಲಿದ್ದದ್ದು 212 ರೂಪಾಯಿ. ಯೋಜನೆಯ ವರ್ಷ ಜೂನ್ 1ರಿಂದ ಮೇ 31. ಬೀಜ, ಗೊಬ್ಬರ, ಕಾಲೇಜು ಫೀಸು ಎಲ್ಲ ಒಟ್ಟಿಗೆ ಬಾಯಿ ತೆರೆಯುವ ವಾರ ಅದು. ಆ ದೀಪಾವಳಿ ಮುಗಿದ ಮೇಲೇ ಕಾಕಾ ಹೋದದ್ದು. ಪಾಸ್‌ಬುಕ್ಕಿನ ಈ ವಿಷಯ ಚಿಗವ್ವನಿಗೆ ನಾನು ಹೇಳಲಿಲ್ಲ.

ನಮ್ಮಪ್ಪ ಕಾಕಾನ ಅಣ್ಣ, ಸರ್ಕಾರಿ ಶಾಲೆಯ ಮೇಷ್ಟ್ರು. ಒಂದೇ ಮನೆಯಲ್ಲಿ ಬೆಳೆದವರು. ಅಪ್ಪನಿಗೆ ಕೆಜಿಐಡಿ ಇದೆ. ಮೈಸೂರು ಸಂಸ್ಥಾನ 1891ರಲ್ಲಿ ತನ್ನ ನೌಕರರಿಗಾಗಿ ಶುರು ಮಾಡಿದ ವಿಮೆ ಅದು. ಕಂತು ಸಂಬಳದಲ್ಲೇ ಮುರಿದುಕೊಂಡು ಬರುತ್ತದೆ. ಕಟ್ಟಬೇಕು ಅಂತ ಅಪ್ಪ ಒಂದು ದಿನವೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅಣ್ಣನ ಪಾಲಿಸಿ ಲ್ಯಾಪ್ಸ್ ಆಗಲು ದಾರಿಯೇ ಇಲ್ಲ, ತಮ್ಮನ ಪಾಲಿಸಿ ಉಳಿಯಲು ದಾರಿ ಇರಲಿಲ್ಲ. ಅಪ್ಪ ಜಾಗರೂಕ, ಕಾಕಾ ಬೇಜವಾಬ್ದಾರಿ ಅಂತ ಇದರಿಂದ ಹೇಳೋಕೆ ಬರುತ್ತಾ?

ಸ್ಕಾಟ್ಲೆಂಡಿನ ಪಾದ್ರಿಗಳ ವಿಧವಾ ನಿಧಿಯ ಪಾಠ ಮೊದಲ ಸೆಮಿಸ್ಟರಿನಲ್ಲೇ ಇತ್ತು. 1744ರಲ್ಲಿ ಶುರುವಾದದ್ದು. ರಾಬರ್ಟ್ ವಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್ ಅನ್ನುವ ಇಬ್ಬರು ಪಾದ್ರಿಗಳ ಯೋಜನೆ, ಗಣಿತಜ್ಞ ಕಾಲಿನ್ ಮೆಕ್ಲಾರಿನ್ ಲೆಕ್ಕ ನೋಡಿಕೊಟ್ಟ. ಗಂಡ ಸತ್ತ ಮೇಲೆ ಹೆಂಡತಿ ಮಕ್ಕಳು ಬೀದಿಗೆ ಬೀಳಬಾರದು ಅನ್ನುವುದಷ್ಟೇ ಅವರ ಉದ್ದೇಶ. ಎಷ್ಟು ಜನ ವಿಧವೆಯರಾಗುತ್ತಾರೆ, ಎಷ್ಟು ವರ್ಷ ಬದುಕುತ್ತಾರೆ ಅಂತ ಮುಂಚೆಯೇ ಎಣಿಸಿ ನಿಧಿ ಕಟ್ಟಿದರು. ಆ ಪಾಠ ಓದುವಾಗ ನನಗೆ ಮೈ ಜುಂ ಅಂದಿತ್ತು. ಅಲ್ಲಿ ಕಂತು ಕಡ್ಡಾಯ, ಕಾಯ್ದೆಯೇ ಇತ್ತು. ಬಿಟ್ಟು ಹೋಗುವ ಪಾದ್ರಿಯ ಲೆಕ್ಕ ಅವರು ಹಾಕಬೇಕಾಗಿರಲಿಲ್ಲ. ನಮಗೆ ಹಾಕಬೇಕು. ಇಲ್ಲಿ ಎಷ್ಟೋ ಪಾಲಿಸಿಗಳು ಐದು ವರ್ಷ ಕೂಡ ನಡೆಯುವುದಿಲ್ಲ.

ಏಜೆಂಟಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮೂರಿನವನೇ, ದೂರದ ಸಂಬಂಧಿ. ಮಣ್ಣಿಗೂ ಬಂದಿದ್ದ, ಕೆಲಸಕ್ಕೆ ಕೈ ಹಾಕಿದ್ದ. ಮೋಸಗಾರ ಅಂತ ನಾನು ಅನ್ನುವುದಿಲ್ಲ. ಆದರೆ 2017ರ ಮಾರ್ಚ್‌ನಲ್ಲಿ ಹೊಲದ ತನಕ ಬಂದವನು 2019ರ ಮಾರ್ಚ್‌ನಲ್ಲಿ ಮನೆ ಬಾಗಿಲಿಗೆ ಬರಬಹುದಿತ್ತು. “ಅಣ್ಣಾ, ಇದೊಂದು ಕಂತು ಕಟ್ಟಿಬಿಡು, ಆಮೇಲೆ ನಿಲ್ಲಿಸಿದರೂ ಸ್ವಲ್ಪ ಬರುತ್ತೆ” ಅಂತ ಒಂದು ಮಾತು. ಅದಕ್ಕೆ ಅವನ ಮೇಲೆ ನನಗೆ ಬೇಜಾರಿದೆ.

ನಿಯಮ ಈಗ ಬದಲಾಗಿದೆ. 2024ರ ಅಕ್ಟೋಬರ್‌ನಿಂದ ಒಂದು ವರ್ಷದ ಕಂತು ಪೂರ್ತಿ ಕಟ್ಟಿದವರಿಗೂ ವರ್ಷ ತುಂಬಿದ ಮೇಲೆ ಸ್ವಲ್ಪ ಹಣ ವಾಪಸ್ ಕೊಡಬೇಕು. ಅದು ಬಂದಾಗ ಕ್ಲಾಸಿನಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಕಂಪನಿಗಳ ಮಾರ್ಜಿನ್ ಏನಾಗುತ್ತೆ, ಕಮಿಷನ್ ಏನಾಗುತ್ತೆ ಅಂತ. ಒಳ್ಳೆಯ ನಿಯಮ. ಕಾಕಾನ ಪಾಲಿಸಿಗೆ ಅದು ತಡವಾಯಿತು.

ಗುರುವಾರ ನಮ್ಮ ಗೈಡ್ ಮೇಡಂ ಹತ್ತಿರ ಹೋದೆ. ಪ್ರಾಜೆಕ್ಟಿಗೆ ಬೇರೆ ವಿಷಯ ಕೊಟ್ಟಿದ್ದೆ, ಅದನ್ನು ಬದಲಾಯಿಸಬೇಕು ಅಂದೆ. ಲ್ಯಾಪ್ಸನ್ನು ಪಾಲಿಸಿಯ ವರ್ಷದ ಮೇಲಷ್ಟೇ ಅಲ್ಲ, ಕಂತು ಬರುವ ತಿಂಗಳ ಮೇಲೂ ನೋಡಬೇಕು. ಜಿಲ್ಲೆಯ ಬೆಳೆಯನ್ನು ಪಕ್ಕದಲ್ಲಿಟ್ಟು ನೋಡಬೇಕು. ಮೇಡಂ ಹಿಂದೆ ಕಂಪನಿಯಲ್ಲಿದ್ದವರು, ಸುಮ್ನೆ ಹೊಗಳುವವರಲ್ಲ. “ಕಂಪನಿಗಳು ಹೊರಗೆ ಕೊಡೋದು 13, 25, 37, 49, 61ನೇ ತಿಂಗಳ ಪರ್ಸಿಸ್ಟೆನ್ಸಿ. ಕಂತಿನ ತಿಂಗಳು, ಊರು ಯಾರು ಕೊಡ್ತಾರಮ್ಮ?” ಅಂದರು. ಪರ್ಸಿಸ್ಟೆನ್ಸಿ ಅಂದರೆ ಅಷ್ಟು ತಿಂಗಳಿಗೆ ಎಷ್ಟು ಪಾಲಿಸಿ ಇನ್ನೂ ನಡೆಯುತ್ತಿವೆ ಅನ್ನುವ ಲೆಕ್ಕ. ಸ್ವಲ್ಪ ಹೊತ್ತು ಬಿಟ್ಟು ಅವರೇ, “ಹೆಸರು ತೆಗೆದ ಡೇಟಾ ಕೇಳಿ ನೋಡೋಣ, ಪತ್ರ ನಾನು ಬರೀತೀನಿ” ಅಂದರು. ಅಷ್ಟು ಸಾಕು ನನಗೆ.

ನಿನ್ನೆ ರಾತ್ರಿ ತಮ್ಮ ಫೋನ್ ಮಾಡಿದ್ದ. ಕಾಕಾನ ಮಗ, ಈಗ ಹೊಲ ಅವನದೇ. ಅದೇ ಏಜೆಂಟ್ ಬಂದಿದ್ದನಂತೆ, ಮಾರ್ಚ್ ಅಲ್ವಾ. ಅದೇ ಥರ 20 ವರ್ಷದ ಪಾಲಿಸಿ.

“ಏನ್ ಮಾಡ್ಲಿ ಅಕ್ಕಾ?”

ನಾಳೆಯೇ ಬ್ಯಾಂಕಿಗೆ ಹೋಗಿ ಜೀವನ್ ಜ್ಯೋತಿಗೆ ಸೇರು ಅಂದೆ. ಈಗ ಮಾರ್ಚ್‌ನಲ್ಲಿ ಸೇರಿದರೆ 114 ರೂಪಾಯಿ, ಮೇ ತನಕ ನಡೆಯುತ್ತೆ. ಮುಂದಿನ 436 ರೂಪಾಯಿಯನ್ನು ಈಗಲೇ ಖಾತೆಗೆ ಹಾಕಿಡು, ಮೇ ತಿಂಗಳಲ್ಲಿ ಅದನ್ನು ಮುಟ್ಟಬೇಡ. ದೊಡ್ಡ ಪಾಲಿಸಿ ಬೇಕು ಅಂದರೆ ಟರ್ಮ್ ತಗೋ, ಸತ್ತರೆ ಮಾತ್ರ ದುಡ್ಡು ಬರೋ ಪಾಲಿಸಿ. ಪೀಕು ಮಾರಿದ ವಾರ ಕೂತು ಮಾಡೋಣ, ಪ್ರತಿ ವರ್ಷ ಕಂತು ನವೆಂಬರ್‌ನಲ್ಲೇ ಬರೋ ಹಾಗೆ. ಅವನು ಎಲ್ಲವನ್ನೂ ಬರೆದುಕೊಂಡ, ಎರಡೆರಡು ಸಲ ಕೇಳಿಕೊಂಡ.

“ಏಜೆಂಟಗ ಏನ್ ಹೇಳ್ಲಿ? ನಾಳೆ ಮತ್ತ ಬರ್ತಾನ.”

“ಗೋವಿನಜೋಳ ಮಾರಿದ ಮೇಲೆ ಬಾ ಅನ್ನು” ಅಂದೆ.