ಉಂಚಿ ಹೊಲಿದುಕೊಟ್ಟ ಎರಡು ಆಮೆ

ಆಗಸ್ಟ್ ತಿಂಗಳ ಒಂದು ಶನಿವಾರ. ಬೆಳಿಗ್ಗೆ ಏಳಕ್ಕೇ ರ‍್ಯಾಪಿಡ್ ಸಿಟಿ ಬಿಟ್ಟೆವು. ಅಲ್ಲಿಂದ ಪೈನ್ ರಿಜ್‌ಗೆ ಸುಮಾರು ಎರಡು ಗಂಟೆ ದಾರಿ. ಅದು ಅಮೆರಿಕದ ಸೌತ್ ಡಕೋಟಾದಲ್ಲಿ ಲಕೋಟಾ ಮೂಲನಿವಾಸಿಗಳು ಇರುವ ಪ್ರದೇಶ. ಹಿಂದಿನ ಸೀಟಿನಲ್ಲಿ ಆರು ವರ್ಷದ ಮಗಳು. ನನ್ನ ಮಡಿಲಲ್ಲಿ ಒಂದು ಬಟ್ಟೆ ಗಂಟು, ಅದರೊಳಗೆ ಮಣಿ ಹೊಲಿದ ಎರಡು ಚರ್ಮದ ಆಮೆ. ಎರಡೂ ಅಂಗೈಯಲ್ಲಿ ಹಿಡಿಯುವಷ್ಟು.

ಉಂಚಿ ತೀರಿಕೊಂಡು ವರ್ಷವಾಗಿತ್ತು. ಲಕೋಟಾ ಭಾಷೆಯಲ್ಲಿ ಉಂಚಿ ಅಂದರೆ ಅಜ್ಜಿ. ಅಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಹಿಂದಿನ ವಾರ ಅವರ ಮೊಮ್ಮಗಳು ಫೋನ್ ಮಾಡಿದ್ದಳು. "ಅಜ್ಜಿ ನಿಮಗೆ ಮಾಡಿಕೊಟ್ಟಿದ್ದು ಏನಿದ್ದರೂ ತನ್ನಿ. ಒಂದು ದಿನ ಎಲ್ಲ ಒಟ್ಟಿಗೆ ಇರಲಿ. ಸಂಜೆ ವಾಪಸ್ ತಗೊಂಡು ಹೋಗಿ" ಅಂದಳು. ಯಾಕಂದರೆ ಉಂಚಿಯ ಮನೆಯಲ್ಲಿ ಅವರು ಮಾಡಿದ್ದು ಒಂದೂ ಉಳಿದಿರಲಿಲ್ಲ.

ಆ ಮನೆಗೆ ನಾನು ಎಷ್ಟೋ ಸಲ ಹೋಗಿದ್ದೇನೆ. ಗೋಡೆ ಮೇಲೆ ಮೊಮ್ಮಕ್ಕಳ ಶಾಲೆಯ ಫೋಟೋ, ಒಂದು ಕ್ಯಾಲೆಂಡರ್. ಮಂಚದ ಮೇಲೆ ಅಂಗಡಿಯ ಕಂಬಳಿ. ಅರವತ್ತು ವರ್ಷ ಬಿಡದೆ ಹೊಲಿದವರ ಮನೆ ಅಂತ ಹೇಳಿದರೆ ಯಾರೂ ನಂಬುತ್ತಿರಲಿಲ್ಲ.

ಅವರನ್ನು ಮೊದಲು ನೋಡಿದ್ದು ಒಂದು ಚಳಿಗಾಲದಲ್ಲಿ. ಗಂಡನ ಕೆಲಸಕ್ಕಾಗಿ ಹುಬ್ಬಳ್ಳಿಯಿಂದ ರ‍್ಯಾಪಿಡ್ ಸಿಟಿಗೆ ಬಂದಿದ್ದೆವು. ನಾನು ಬಸುರಿ, ಹೊರಗೆ ಮೊಣಕಾಲುದ್ದ ಹಿಮ, ಮಾತಾಡೋಕೆ ಯಾರೂ ಇಲ್ಲ. ಹತ್ತಿರದ ಸಭಾಂಗಣದಲ್ಲಿ ಮಣಿ ಹೊಲಿಗೆ ಹೇಳಿಕೊಡ್ತಾರೆ ಅಂತ ಗೊತ್ತಾಗಿ ಸುಮ್ನೆ ಹೋದೆ. ಮೂಲೆಯಲ್ಲಿ ಕೂತಿದ್ದ ಅಜ್ಜಿಯ ತುಟಿಯಂಚಿನಿಂದ ನಾಲ್ಕೈದು ಮುಳ್ಳಿನ ತುದಿ ಹೊರಗೆ ಚಾಚಿಕೊಂಡಿತ್ತು.

ಮುಳ್ಳುಹಂದಿಯ ಮುಳ್ಳು ಅವು. ಅಲ್ಲಿಯ ಮುಳ್ಳುಹಂದಿ ಮರ ಹತ್ತುತ್ತದೆ, ಅದರ ಮೈಮೇಲೆ ಸುಮಾರು 30,000 ಮುಳ್ಳು. ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಸತ್ತದ್ದು ಕಂಡರೆ ಉಂಚಿ ಕಾರು ನಿಲ್ಲಿಸುತ್ತಿದ್ದರು. ಡಿಕ್ಕಿಯಲ್ಲಿ ಅದಕ್ಕೆಂದೇ ಹಳೇ ಕಂಬಳಿ ಇರುತ್ತಿತ್ತು. ಕಂಬಳಿಯನ್ನು ಅದರ ಮೇಲೆ ಹಾಕಿ ಒತ್ತಿ ಎತ್ತಿದರೆ ಮುಳ್ಳೆಲ್ಲ ಅದಕ್ಕೆ ಅಂಟಿಕೊಂಡು ಬರುತ್ತಿತ್ತು. ಬೆನ್ನಿನವು ಉದ್ದ, ಹೊಟ್ಟೆ ಕಡೆಯವು ತೀರಾ ಸಣ್ಣ. ಅವನ್ನೆಲ್ಲ ಬೇರೆ ಮಾಡಿ, ಜಿಡ್ಡು ಹೋಗುವಂತೆ ತೊಳೆದು, ಬಣ್ಣ ಹಾಕಿ ಒಣಗಿಸುತ್ತಿದ್ದರು. ಹೊಲಿಯುವಾಗ ಬಾಯಲ್ಲಿಟ್ಟು ನೆನೆಸಿ, ಮುಂದಿನ ಹಲ್ಲುಗಳ ನಡುವೆ ಎಳೆದರೆ ಮುಳ್ಳು ಚಪ್ಪಟೆಯಾಗುತ್ತಿತ್ತು. ಅದನ್ನು ಎರಡು ಸಾಲು ದಾರದ ನಡುವೆ ಅತ್ತ ಇತ್ತ ಮಡಿಸುತ್ತ ಹೋಗಬೇಕು. ಮುಳ್ಳಿನ ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿವೆ. ಚುಚ್ಚಿಕೊಂಡರೆ ಒಳಗೊಳಗೇ ಹೋಗುತ್ತದೆ. ಅದಕ್ಕೇ ತುದಿ ಯಾವಾಗಲೂ ತುಟಿಯ ಹೊರಗೆ. ಮಾತಾಡಬೇಕಾದರೆ ಒಂದೊಂದನ್ನೇ ತೆಗೆದು ತಟ್ಟೆಯಲ್ಲಿಡುತ್ತಿದ್ದರು. ಆಗ ಅವರ ಮುಂದಿನ ಹಲ್ಲು ಕಾಣುತ್ತಿತ್ತು, ಸವೆದು ಸಣ್ಣ ಗೀರು ಬಿದ್ದಿತ್ತು.

ಗಾಜಿನ ಮಣಿಯನ್ನು ಯುರೋಪಿನಿಂದ ತಂದವರು ವ್ಯಾಪಾರಿಗಳು. ಮುಳ್ಳಿನ ಕಸೂತಿ ಅದಕ್ಕಿಂತ ಎಷ್ಟೋ ಹಳೆಯದು. ಉಂಚಿಗೆ ಅದನ್ನು ಕಲಿಸಿದ್ದು ಅವರ ಅಜ್ಜಿ, ಬೇಸಿಗೆ ರಜೆಯಲ್ಲಿ. ಉಳಿದ ತಿಂಗಳು ಅವರು ಹಾಸ್ಟೆಲ್ ಶಾಲೆಯಲ್ಲಿ ಇರಬೇಕಿತ್ತು. ಅಲ್ಲಿ ಲಕೋಟಾ ಮಾತಾಡಿದರೆ ಏಟು ಬೀಳುತ್ತಿತ್ತಂತೆ. ಆ ವಿಷಯ ಅವರು ಹೇಳಿದ್ದು ಒಂದೇ ಸಲ, ನಾನೂ ಮತ್ತೆ ಕೇಳಲಿಲ್ಲ. ಇದೇ ಪೈನ್ ರಿಜ್‌ನ ಆಲಿಸ್ ನ್ಯೂ ಹೋಲಿ ಬ್ಲೂ ಲೆಗ್ಸ್ ಅವರಿಗೆ ಮುಳ್ಳಿನ ಕಸೂತಿಗಾಗಿ 1985ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಸಿಕ್ಕಿತ್ತು. ಅವರ ಫೋಟೋ ಇದ್ದ ಪತ್ರಿಕೆಯ ಚೂರನ್ನು ಉಂಚಿ ಪರ್ಸಿನಲ್ಲಿ ಮಡಿಸಿ ಇಟ್ಟುಕೊಂಡಿದ್ದರು. ತಮ್ಮ ಫೋಟೋ ತೆಗೆಯೋಕೆ ಮಾತ್ರ ಬಿಡುತ್ತಿರಲಿಲ್ಲ.

ನನಗೆ ಎಂಟು ತಿಂಗಳಾದಾಗ ಒಂದು ದಿನ ಹೇಳಿದರು, "ಮಗುವಿನ ಹೊಕ್ಕುಳಬಳ್ಳಿ ಉದುರಿದಾಗ ಬಿಸಾಡಬೇಡ." ನಮ್ಮ ಕಡೆಯೂ ಅದನ್ನು ತಾಯಿತದಲ್ಲಿಟ್ಟು ಮಗುವಿಗೆ ಕಟ್ಟುತ್ತಾರೆ ಅಂದೆ. ಅವರ ಸೂಜಿ ನಿಂತಿತು. ನನ್ನ ಮುಖ ನೋಡಿ, "ಹಾಗಾದ್ರೆ ನಿನಗೆ ಗೊತ್ತಿದೆ" ಅಂದರು. ಅವತ್ತಿನಿಂದ ನಾನು ಅವರ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದೆ.

ಮಗಳು ಹುಟ್ಟಿ ತಿಂಗಳಾದ ಮೇಲೆ ಆಮೆಗಳನ್ನು ತಂದುಕೊಟ್ಟರು. ಆಮೆ ಅಂದರೆ ದೀರ್ಘಾಯುಸ್ಸು. ಒಂದರೊಳಗೆ ಹೊಕ್ಕುಳಬಳ್ಳಿ, ಇನ್ನೊಂದು ಖಾಲಿ. ಕೆಟ್ಟದ್ದು ಮಗುವನ್ನು ಹುಡುಕಿಕೊಂಡು ಬಂದರೆ ಯಾವುದರಲ್ಲಿ ಇದೆ ಅಂತ ತಿಳಿಯದೆ ಹೋಗಲಿ ಅಂತ. ದುಡ್ಡು ಕೊಡಲು ಹೋದೆ. ನನ್ನ ಮುಷ್ಟಿಯನ್ನು ತಮ್ಮ ಕೈಯಿಂದಲೇ ಮುಚ್ಚಿದರು. ಕಿವಿಯೋಲೆ ಮಾರುತ್ತಿದ್ದರು, ಅದೂ ಕರೆಂಟ್ ಬಿಲ್ಲಿಗೆ ಆಗುವಷ್ಟು ಮಾತ್ರ. ಮಿಕ್ಕಿದ್ದೆಲ್ಲ ಕೊಟ್ಟಿದ್ದೇ.

ಆ ಶನಿವಾರ ಪೈನ್ ರಿಜ್‌ನ ಸಭಾಂಗಣ ತಲುಪಿದಾಗ ಉದ್ದನೆಯ ಮೂರು ಮೇಜು ಜೋಡಿಸಿದ್ದರು. ಹನ್ನೊಂದರ ಹೊತ್ತಿಗೆ ಅದರ ಮೇಲೆ ಜಾಗ ಉಳಿದಿರಲಿಲ್ಲ. ಅಂಗಾಲಿಗೂ ಮಣಿ ಹೊಲಿದ ಪುಟ್ಟ ಮಕ್ಕಳ ಮೊಕಾಸಿನ್, ಅಂದರೆ ಮೆತ್ತನೆ ಚರ್ಮದ ಬೂಟು. ಮುಳ್ಳಿನ ಕೆಂಪು ಪಟ್ಟಿಯ ಚೀಲ. ನಕ್ಷತ್ರದ ಕೌದಿಗಳಂತೂ ಒಂದರ ಮೇಲೊಂದು. 1880ರ ದಶಕದ ಹೊತ್ತಿಗೆ ಬಯಲಿನ ಕಾಡೆಮ್ಮೆಗಳನ್ನು ಬಹುತೇಕ ಕೊಂದು ಮುಗಿಸಿದ್ದರು. ಗೌರವಕ್ಕೆ ಹೊದಿಸುತ್ತಿದ್ದ ಕಾಡೆಮ್ಮೆ ಚರ್ಮದ ಜಾಗಕ್ಕೆ ಆಮೇಲೆ ಈ ಕೌದಿ ಬಂತು. ವಜ್ರದಾಕಾರದ ಬಟ್ಟೆ ಚೂರು ಜೋಡಿಸಿ ಮಾಡಿದ ಎಂಟು ಮೂಲೆಯ ಬೆಳಗಿನ ನಕ್ಷತ್ರ.

ಒಬ್ಬ ಮುದುಕರು ತಂದ ಕೌದಿ ಒಗೆದು ಒಗೆದು ಬಣ್ಣವೇ ಹೋಗಿತ್ತು. ಅಂಚು ಹರಿದಿತ್ತು. ವಿಯೆಟ್ನಾಂ ಯುದ್ಧದಿಂದ ಬಂದಾಗ ಉಂಚಿ ಅದನ್ನು ಹೆಗಲಿಗೆ ಹೊದಿಸಿದ್ದರಂತೆ. "ದಿನಾ ಇದರಲ್ಲೇ ಮಲಗೋದು" ಅಂದರು. ಮೊಮ್ಮಗಳು ಅದನ್ನು ಎತ್ತಿ ಎಲ್ಲದರ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಹಾಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಊಟಕ್ಕೆ ಮೊದಲು ಪ್ರತಿ ಅಡುಗೆಯಿಂದ ಸ್ವಲ್ಪ ಸ್ವಲ್ಪ ಒಂದು ತಟ್ಟೆಗೆ ಬಡಿಸಿ ಹೊರಗೆ ತೆಗೆದುಕೊಂಡು ಹೋದರು. ಅದು ಹೋದವರಿಗೆ. ಎಡೆ ಅಂತ ನಾನು ಮಗಳಿಗೆ ಪಿಸುಗುಟ್ಟಿದೆ. ಊಟದ ಕೊನೆಗೆ ಒಗರು ಒಗರು ಕಾಡುಚೆರ‍್ರಿಯ ವೊಜಪಿ ಅನ್ನುವ ಹಣ್ಣಿನ ಗೊಜ್ಜು, ಉಂಚಿಗೆ ಬಹಳ ಇಷ್ಟವಾದದ್ದು.

ಆಮೇಲೆ ಉಂಚಿಯ ಹೆಸರಿನಲ್ಲಿ ಬಂದವರಿಗೆಲ್ಲ ಹಂಚುವುದು ಶುರುವಾಯಿತು. ವರ್ಷವಿಡೀ ಮನೆಯವರು ಹೊಲಿದ ಕೌದಿ, ಕೊಂಡು ಇಟ್ಟ ಕಂಬಳಿ, ಟವೆಲ್, ಪಾತ್ರೆ. 1921ರಲ್ಲಿ ಸರ್ಕಾರ ಒಂದು ಸುತ್ತೋಲೆಯಲ್ಲಿ ಹೀಗೆ ಕೈಬಿಚ್ಚಿ ಹಂಚುವುದನ್ನೂ ತಪ್ಪು ಅಂತ ಬರೆದಿತ್ತು. ಆದರೂ ಇವರು ಬಿಡಲಿಲ್ಲ. ಡಯಾಲಿಸಿಸ್‌ಗೆ ಉಂಚಿಯನ್ನು ಕಾರಲ್ಲಿ ಕರೆದುಕೊಂಡು ಹೋಗುತ್ತಿದ್ದ ಹುಡುಗನ ಹೆಸರು ಮೊದಲು ಕೂಗಿದರು. ಅವನ ಹೆಗಲಿಗೆ ನೀಲಿ ನಕ್ಷತ್ರ ಬಿತ್ತು. ಹೆಂಗಸರು ನಾಲಿಗೆ ಆಡಿಸಿ ಜೋರಾಗಿ ಲಿಲಿಲಿ ಅಂದರು. ಅವನು ಸಾಲಾಗಿ ನಿಂತ ಮನೆಯವರೆಲ್ಲರ ಕೈಕುಲುಕಿ ತಲೆ ತಗ್ಗಿಸಿಕೊಂಡು ಹೋಗಿ ಕೂತ.

ಸಂಜೆ ಒಬ್ಬೊಬ್ಬರೇ ತಮ್ಮ ತಮ್ಮ ವಸ್ತು ಎತ್ತಿಕೊಂಡರು. ಮೊಕಾಸಿನ್ ಹೋಯಿತು, ಚೀಲ ಹೋಯಿತು. ಮುದುಕರು ಕೌದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. ಅರ್ಧ ಗಂಟೆಯಲ್ಲಿ ಮೇಜು ಮತ್ತೆ ಬರಿದು.

ನಮ್ಮ ಆಮೆಗಳನ್ನು ಎತ್ತಿಕೊಳ್ಳುವಾಗ ಪಕ್ಕದಲ್ಲಿದ್ದ ಹೆಂಗಸು ಕೇಳಿದರು, "ಯಾವುದರಲ್ಲಿದೆ?" ನನಗೆ ಗೊತ್ತಿರಲಿಲ್ಲ. ಉಂಚಿ ಎರಡನ್ನೂ ತಮ್ಮ ಮನೆಯಲ್ಲೇ ಹೊಲಿದು ಮುಚ್ಚಿದ್ದರು. ಒಂದೇ ತೂಕ, ಒಂದೇ ಥರದ ಹಸಿರು ಮಣಿ. ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ.

ಮಗಳು ಎರಡನ್ನೂ ಮೂಸಿ ನೋಡಿದಳು. ಕಿವಿ ಹತ್ತಿರ ಇಟ್ಟು ಅಲ್ಲಾಡಿಸಿದಳು. ಆಮೇಲೆ ಒಂದನ್ನು ಬಲಜೇಬಿನಲ್ಲಿ, ಒಂದನ್ನು ಎಡಜೇಬಿನಲ್ಲಿ ಹಾಕಿಕೊಂಡು ಕಾರಿನ ಕಡೆ ಓಡಿದಳು.