ಬೆನ್ನಿಗೇ ಯಾಕೆ ಸೂಜಿ?

ಆಸ್ಪತ್ರೆಯಲ್ಲಿ ಕೀಮೋ ಔಷಧ ಬೆರೆಸುವುದು ನನ್ನ ಕೆಲಸ. ಅದು ಗೊತ್ತಾದ ಕೂಡಲೇ ನೆಂಟರು ಕೇಳೋದು ಒಂದೇ: "ಕೈಗೆ ಹಾಕಿದ ಔಷಧ ಮೈಯೆಲ್ಲ ಓಡಾಡುತ್ತಲ್ಲ, ಮತ್ತೆ ಬೆನ್ನಿಗೆ ಯಾಕೆ ಚುಚ್ತಾರೆ?" ಈಚೆಗೆ ಅದಕ್ಕೊಂದು ಬಾಲವೂ ಸೇರಿದೆ: "ಔಷಧ ಪರೀಕ್ಷಿಸೋ ಟ್ರಯಲ್ ಅಂತಾರಲ್ಲ, ಸೇರಬಹುದಾ?"

ಓಡಾಡುತ್ತೆ ನಿಜ, ಆದರೆ ಮಿದುಳಿನ ಹೊಸ್ತಿಲಲ್ಲಿ ನಿಂತುಬಿಡುತ್ತೆ. ಅಲ್ಲಿನ ರಕ್ತನಾಳಗಳ ಗೋಡೆ ಬಹುಪಾಲು ಕೀಮೋ ಔಷಧಗಳನ್ನು ಒಳಗೆ ಬಿಡೋದಿಲ್ಲ. ಸ್ತನದ್ದೋ ಶ್ವಾಸಕೋಶದ್ದೋ ಕ್ಯಾನ್ಸರ್ ಮಿದುಳಿನ ಪೊರೆಗೆ ಹತ್ತಿ ಮಿದುಳು, ಬೆನ್ನುಹುರಿಗಳ ಸುತ್ತಲಿನ ನೀರಿನಲ್ಲಿ ತೇಲತೊಡಗಿದರೆ, ಅದೇ ಗೋಡೆ ರೋಗಕ್ಕೆ ಕಾವಲು. ಅದಕ್ಕೇ ಸೊಂಟದ ಹತ್ತಿರ, ಬೆನ್ನುಹುರಿ ಮುಗಿದು ಅದರ ಕೆಳಗಿನ ಜಾಗದಲ್ಲಿ, ನೇರ ಆ ನೀರಿಗೇ ಸೂಜಿ. ಪದೇ ಪದೇ ಬೇಕಾದವರಿಗೆ ಔಷಧವನ್ನು ಮಿದುಳಿನ ನೀರಿಗೆ ಮುಟ್ಟಿಸುವ ಪುಟ್ಟ ಗುಳ್ಳೆಯಂಥ ಸಾಧನವೊಂದನ್ನು ನೆತ್ತಿಯ ಚರ್ಮದಡಿ ಇಡುತ್ತಾರೆ. 1963ರಲ್ಲಿ ಅದನ್ನು ರೂಪಿಸಿದ ಪಾಕಿಸ್ತಾನ ಮೂಲದ ಶಸ್ತ್ರವೈದ್ಯ ಅಯೂಬ್ ಒಮ್ಮಾಯರ ಹೆಸರೇ ಅದಕ್ಕೂ.

ನನಗೆ ಸೋಜಿಗ ಅನ್ನಿಸೋದು ಡೋಸಿನ ಲೆಕ್ಕ. ದೊಡ್ಡವರಲ್ಲಿ ಈ ನೀರು ಸುಮಾರು 150 ಎಂ.ಎಲ್., ಒಂದು ಕಾಫಿ ಲೋಟ. 3 ವರ್ಷದ ಮಗುವಿನಲ್ಲೂ ಹತ್ತಿರ ಹತ್ತಿರ ಅಷ್ಟೇ! ಬೆನ್ನಿಗೆ ಹಾಕುವ ಹಳೆಯ ಕೀಮೋ ಔಷಧ ಮೆಥೊಟ್ರೆಕ್ಸೇಟನ್ನು ಮೈಯಳತೆ ನೋಡಿ ಕೊಡುತ್ತಿದ್ದ ಕಾಲದಲ್ಲಿ ಚಿಕ್ಕವರಿಗೆ ಸಾಲದೆ ಬರುತ್ತಿತ್ತು, ದೊಡ್ಡವರಿಗೆ ವಿಷವಾಗುತ್ತಿತ್ತು. 1970ರ ದಶಕದಲ್ಲಿ ವಯಸ್ಸಿನ ಲೆಕ್ಕ ಬಂತು: 3 ದಾಟಿದರೆ 12 ಮಿ.ಗ್ರಾಂ.

ಲೋಟ ಚಿಕ್ಕದು, ಹಾಕಿದ್ದನ್ನು ವಾಪಸ್ ತೆಗೆಯೋದು ಕಷ್ಟ. ರಕ್ತಕ್ಕೆ ಕೊಟ್ಟರೆ ಜೀವ ಉಳಿಸುವ ಇನ್ನೊಂದು ಕೀಮೋ ಔಷಧವಾದ ವಿನ್‌ಕ್ರಿಸ್ಟಿನ್ ತಪ್ಪಿ ಬೆನ್ನಿಗೆ ಹೋದರೆ ಬಹುತೇಕ ಸಾವೇ. ಅದಕ್ಕೇ ಅದನ್ನು ಸಿರಿಂಜಿಗೆ ತುಂಬೋದಿಲ್ಲ, ಪುಟ್ಟ ಡ್ರಿಪ್ ಚೀಲದಲ್ಲೇ ಕಳಿಸುತ್ತೇವೆ.

ಟ್ರಯಲ್‌ಗಳು ಆಮೆಯ ಹಾಗೆ ನಡೆಯೋದಕ್ಕೂ ಇದೇ ಕಾರಣ. ಹಳೆಯ ಔಷಧಕ್ಕೆ ರೋಗ ಬಗ್ಗದಿದ್ದಾಗ ಟೊಪೊಟಿಕಾನ್, ಟ್ರಾಸ್ಟುಜುಮಾಬ್, ಪೆಮೆಟ್ರೆಕ್ಸೆಡ್‌ಗಳನ್ನು ಬೆನ್ನಿಗೆ ಕೊಟ್ಟು ನೋಡಿದ್ದಾರೆ. ರಕ್ತಕ್ಕಾದರೆ ಒಂದು ಸಲಕ್ಕೆ 800 ಮಿ.ಗ್ರಾಂ ಆಸುಪಾಸು ಹೋಗುವ ಪೆಮೆಟ್ರೆಕ್ಸೆಡ್, ಚೀನಾದ ಒಂದು ಟ್ರಯಲ್‌ನಲ್ಲಿ ಬೆನ್ನಿಗೆ 50ಕ್ಕೆ ನಿಂತಿತು, ಅದೂ ಬಿ12 ಮತ್ತು ಫೋಲಿಕ್ ಆಸಿಡ್ ಜೊತೆಗೆ. ಮೊದಲ ಹಂತದ ಟ್ರಯಲ್ ಮುಖ್ಯವಾಗಿ ಹುಡುಕೋದು ಮೈ ಎಷ್ಟು ತಾಳುತ್ತೆ ಅನ್ನೋದನ್ನು. ವಾಸಿ ಆಗುತ್ತಾ ಅನ್ನೋದು ಆಮೇಲಿನ ಮಾತು. ಈ ರೋಗದಲ್ಲಿ ಗಳಿಕೆಯನ್ನು ಇನ್ನೂ ತಿಂಗಳುಗಳಲ್ಲೇ ಎಣಿಸುತ್ತಾರೆ. ಅದನ್ನು ಮುಚ್ಚಿಟ್ಟು ಮಾತಾಡೋದು ನನಗೆ ಸರಿ ಕಾಣಲ್ಲ.

ಸೇರಬೇಕಾ ಬೇಡವಾ ಅಂತ ನಾನು ಹೇಳಲ್ಲ. ಡಾಕ್ಟರ ಹತ್ತಿರ ಎರಡು ಮಾತು ಕೇಳಿ ಅಂತೀನಿ: ಟ್ರಯಲ್ ಎಷ್ಟನೇ ಹಂತದ್ದು? ಪೊರೆಯ ಮೇಲೆ ಗಂಟು ಕಟ್ಟಿದೆಯಾ? ನೀರಿಗೆ ಹಾಕಿದ ಔಷಧ ಗಂಟಿನೊಳಗೆ ಕೆಲವೇ ಮಿಲಿಮೀಟರ್ ಇಳಿಯುತ್ತೆ. ಗಂಟಿದ್ದರೆ ರೇಡಿಯೇಶನ್ ಮಾತೂ ಬರಬೇಕಾಗುತ್ತೆ.