ಹಂಸದ ರೆಕ್ಕೆ ಬುಡದ ಮಂಕು ಚುಕ್ಕಿ

ಕಾರ್ತಿಕ ಅಮಾವಾಸ್ಯೆಯ ಸಂಜೆ ಕಾಸರಗೋಡಿನ ಪೊಸಡಿ ಗುಂಪೆ ಗುಡ್ಡೆ ಹತ್ತಿದ್ದು ಒಂದೇ ನಕ್ಷತ್ರಕ್ಕಾಗಿ: ರಾಜಹಂಸ (ಸಿಗ್ನಸ್) ಪುಂಜದ 61 ಸಿಗ್ನಿ. ಕಾಂತಿಮಾನ (ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಂಕು) ಸುಮಾರು 5; ಬರಿಗಣ್ಣಿಗೆ ಕಂಡೂ ಕಾಣದಂಥದ್ದು. ಈ ಕಾಲದಲ್ಲಿ ಕತ್ತಲು ಪೂರ್ತಿ ಇಳಿಯುವುದು ಏಳೂಕಾಲಿಗೆ. ಅಲ್ಲಿಂದ ಒಂದು ಗಂಟೆಯೊಳಗೆ ನೋಡಿ ಮುಗಿಸಬೇಕು. ನಕ್ಷತ್ರ ಆಗಲೇ ವಾಯವ್ಯಕ್ಕೆ ವಾಲಿರುತ್ತದೆ, ಗುಡ್ಡೆಯಿಂದ ನೋಡಿದರೆ ಮಂಗಳೂರಿನ ದೀಪದ ಮಬ್ಬು ಏಳುವುದೂ ಅದೇ ದಿಕ್ಕಿನಲ್ಲಿ.

ಹುಡುಕುವ ದಾರಿ ಸುಲಭ. ರಾಜಹಂಸದ ಎದೆಯ ಸದರ್ ಕೆಳಗೆ, ಬಾಲದ ಡೆನೆಬ್ ಬಲಕ್ಕೆ, ಎಡರೆಕ್ಕೆಯ ಎಪ್ಸಿಲಾನ್ ಎಡಕ್ಕೆ. ಈ ಮೂರನ್ನಿಟ್ಟು ಸಮಾಂತರ ಚತುರ್ಭುಜ ಎಳೆದರೆ ಮೇಲಿನ ನಾಲ್ಕನೇ ಮೂಲೆಯೇ 61. ಬಲರೆಕ್ಕೆಯ ಡೆಲ್ಟಾ ಹಿಡಿದರೆ ಬೇರೆಲ್ಲಿಗೋ ಹೋಗುತ್ತೀರಿ. ಇನ್ನೊಂದು ಮೋಸ ಟೌ ಸಿಗ್ನಿಯದು: ಎರಡು ಡಿಗ್ರಿಯೂ ದೂರವಿಲ್ಲ, ಹೆಚ್ಚು ಹೊಳಪು, ಕಣ್ಣು ಅಲ್ಲಿಗೇ ಜಾರುತ್ತದೆ. 10×50 ಬೈನಾಕ್ಯುಲರಿನಲ್ಲಿ ಎರಡೂ ಒಟ್ಟಿಗೆ ಸಿಗುತ್ತವೆ. ಕಿತ್ತಳೆ ಬಣ್ಣದ ಜೋಡಿ ಕಂಡರೆ ಅದು 61. ಜೋಡಿಯಲ್ಲಿ ಹೆಚ್ಚು ಹೊಳೆಯುವುದು ಎ, ಮಂಕಾದದ್ದು ಬಿ. ನಡುವೆ ಸುಮಾರು 31 ವಿಕಲೆ (ಒಂದು ವಿಕಲೆ ಎಂದರೆ ಡಿಗ್ರಿಯ 3,600ನೇ ಒಂದು ಪಾಲು) ಅಂತರ, ಕೈ ನಡುಗಿದರೆ ಎರಡೂ ಒಂದಾಗಿಬಿಡುತ್ತವೆ. ಟ್ರೈಪಾಡ್ ಇಲ್ಲದಿದ್ದರೆ ಬೆನ್ನನ್ನು ಮುರಕಲ್ಲಿಗೆ ಆನಿಸಿ, ಮೊಣಕೈಯನ್ನು ಮಂಡಿಗೆ ಊರಿ ನೋಡಿದರಾಯಿತು. ಫೋನು ಮಾತ್ರ ಜೇಬಿನಲ್ಲೇ ಇರಲಿ. ಒಮ್ಮೆ ತೆರೆದರೆ ಇಪ್ಪತ್ತು ನಿಮಿಷದ ಕತ್ತಲಭ್ಯಾಸ ನೀರುಪಾಲು.

ದೂರ ಬರೇ 11.4 ಜ್ಯೋತಿರ್ವರ್ಷ. ಇಷ್ಟು ಹತ್ತಿರದ್ದು ಇಷ್ಟು ಮಂಕೇಕೆ? ಎ ನಕ್ಷತ್ರದ ದ್ರವ್ಯರಾಶಿ ಸೂರ್ಯನ 0.7 ಪಾಲು, ಅಗಲ ಮೂರನೇ ಎರಡು ಪಾಲು, ಮೇಲ್ಮೈ ತಾಪ 4,500 ಕೆಲ್ವಿನ್ ಆಸುಪಾಸು. ಒಟ್ಟು ಶಕ್ತಿ ಸೂರ್ಯನದರ ಸುಮಾರು ಶೇಕಡಾ 15. ಅದರಲ್ಲೂ ಬಹುಪಾಲು ಅವಕೆಂಪಿಗೆ ಹೋಗುವುದರಿಂದ ಕಣ್ಣಿಗೆ ದಕ್ಕುವ ಬೆಳಕು ಸೂರ್ಯನದರ ಹನ್ನೆರಡನೇ ಒಂದು ಪಾಲಷ್ಟೇ. ಬಿ ಇನ್ನೂ ಸಣ್ಣದು, ಇನ್ನೂ ತಂಪು.

ಲೆಕ್ಕ ನಂಬಿಕೆಯಾಗದಿದ್ದರೆ ಅದೇ ಚತುರ್ಭುಜದ ಎಪ್ಸಿಲಾನ್ ನೋಡಿ. ನಮ್ಮ ಸೂರ್ಯನನ್ನು ಒಯ್ದು 61ರ ಜಾಗದಲ್ಲಿಟ್ಟರೆ ಹೆಚ್ಚುಕಡಿಮೆ ಅಷ್ಟೇ, ಕಾಂತಿಮಾನ 2.5ರಷ್ಟು ಹೊಳೆದೀತು. ಡೆನೆಬ್ ಮಾತ್ರ ಬೇರೆ ಜಾತಿ: ಗರ್ಭದ ಹೈಡ್ರೋಜನ್ ಮುಗಿಸಿ ಮುಖ್ಯಶ್ರೇಣಿ (ಗರ್ಭದಲ್ಲಿ ಹೈಡ್ರೋಜನ್ ಉರಿಸುವ ಹಂತ) ಬಿಟ್ಟ ಮಹಾದೈತ್ಯ, ಸಾವಿರ ಜ್ಯೋತಿರ್ವರ್ಷಕ್ಕೂ ಆಚೆಯಿಂದ ಮಿನುಗುತ್ತದೆ. 61ರ ಜೋಡಿ ಇನ್ನೂ ಹೈಡ್ರೋಜನನ್ನು ಜುಗ್ಗರ ಹಾಗೆ ಉರಿಸುತ್ತಿದೆ. ಬ್ರಹ್ಮಾಂಡದ ಈಗಿನ ವಯಸ್ಸು 1,380 ಕೋಟಿ ವರ್ಷ, ಅದಕ್ಕಿಂತ ಹೆಚ್ಚು ಕಾಲಕ್ಕೆ ಸಾಕಾಗುವ ಇಂಧನದೊಂದಿಗೆ ಇವು ಹುಟ್ಟಿದವು.

1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಪ್ಯಾರಲಾಕ್ಸ್ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ಸರಿದಂತೆ ಕಾಣುವ ಕೋನ) ಅಳೆದು ದೂರ ತಿಳಿಸಿದ್ದು ಈ ಮಂಕು ಜೋಡಿಯದ್ದೇ. ಹೊಳಪು ನೋಡಿ ಆರಿಸಲಿಲ್ಲ, ಆಕಾಶದಲ್ಲಿ ಅದರ ಓಟ ನೋಡಿ ಆರಿಸಿದ: ವರ್ಷಕ್ಕೆ 5.2 ವಿಕಲೆ. ಅಂದಿನಿಂದ ಇದು ಅರ್ಧ ಚಂದ್ರನ ಅಗಲದಷ್ಟು ಸರಿದಿದೆ.

ಎಂಟು ದಾಟುತ್ತಲೇ ಮಸೂರಕ್ಕೆ ಮಂಜು ಕೂತಿತು. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಅಂಗಿಯೊಳಗೆ ಐದು ನಿಮಿಷ ಇಟ್ಟರೆ ತಾನಾಗಿ ಆರುತ್ತದೆ. ಎಂಟೂವರೆಗೆ ಮಬ್ಬು ಮೇಲೆ ಬಂತು. ಮೊದಲು ಬಿ ಹೋಯಿತು, ಎ ಇನ್ನೂ ಹತ್ತು ನಿಮಿಷ ಉಳಿಯಿತು.